ಮುಳ್ಳಿಗೆ ಉತ್ತರ ಗೊತ್ತು, ನೀವೆಲ್ಲಿದ್ದೀರಿ ಅಂತ ಗೊತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ಇಷ್ಟು ಜನ ಸೇರಿದ್ದೀರಿ, ತುಂಬಾ ಖುಷಿಯಾಯಿತು. ನಿಮ್ಮಲ್ಲಿ ಹೆಚ್ಚಿನವರು ಕೊಡಚಾದ್ರಿ, ಕುಂದಾದ್ರಿ, ಕವಲೇದುರ್ಗ ಹತ್ತಿದವರೇ. ದಾರಿ ಹೇಗೆ ಗೊತ್ತಾಯಿತು ಅಂತ ಕೇಳಿದರೆ, ಮುಂದಿದ್ದವರ ಹಿಂದೆ ಹೋದೆವು ಅಂತೀರಿ, ಅಲ್ವಾ? ಇವತ್ತು ಮುಂದೆ ಹೋಗುವವರಿಗೆ ಬೇಕಾದ ಮಾತನ್ನು ಆಡೋಣ: ನಕ್ಷೆ, ದಿಕ್ಸೂಚಿ ಹಿಡಿದು ದಾರಿ ಕಂಡುಕೊಳ್ಳುವುದು ಹೇಗೆ ಅಂತ.

ನಮ್ಮ ಹಿರಿಯರಿಗೆ ದಿಕ್ಕು ನಾಲಿಗೆಯ ಮೇಲೇ ಇತ್ತು. ಮೂಡು, ಪಡು, ತೆಂಕು, ಬಡಗು, ಅಂದರೆ ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ. ಯಕ್ಷಗಾನಕ್ಕೂ ತೆಂಕುತಿಟ್ಟು, ಬಡಗುತಿಟ್ಟು ಅಂತಲೇ ಹೆಸರು. ನನ್ನ ಅಜ್ಜಿ "ಕೊಟ್ಟಿಗೆಯ ಪಡು ಬದಿಗೆ ಹೆಡಿಗೆ ಇದೆ, ತಗೊಂಡು ಬಾ" ಅನ್ನುತ್ತಿದ್ದರು. ಎಡಗಡೆ, ಬಲಗಡೆ ಅಂದದ್ದನ್ನು ನಾನು ಕೇಳಿದ್ದೇ ಕಡಿಮೆ. ಆದರೆ ಆ ದಿಕ್ಕಿಗೆ ಸೂರ್ಯ ಬೇಕು, ಪರಿಚಯದ ಮರ ಬೇಕು, ಗುಡ್ಡದ ಸಾಲು ಕಣ್ಣಿಗೆ ಕಾಣಬೇಕು. ಮಂಜು ಕವಿಯಿತೋ, ಎಲ್ಲವೂ ಹೋಯಿತು.

ಮಂಜಿನಲ್ಲಿ ನೇರ ನಡೆದರಾಯಿತು ಅಂತ ಅನ್ನಿಸುತ್ತದೆ. ಅದು ಆಗುವುದಿಲ್ಲ. 2009ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು ಜನರನ್ನು ಕಾಡಿನಲ್ಲಿ, ಸಹಾರಾ ಮರಳುಗಾಡಿನಲ್ಲಿ ನಡೆಸಿ ನೋಡಿದರು. ಸೂರ್ಯ ಕಾಣುವಾಗ ಹೆಚ್ಚುಕಡಿಮೆ ನೇರ ನಡೆದರು. ಮೋಡ ಮುಚ್ಚಿದ ದಿನ ಕಾಡಿನಲ್ಲಿ ನಡೆದವರು ಸುತ್ತು ಹಾಕಿ ತಮ್ಮ ದಾರಿಯನ್ನೇ ಮತ್ತೆ ದಾಟಿದರು, ಅದೂ ಗೊತ್ತಾಗದೆ! ಹಾಗಾಗಿ ಕಾಲನ್ನು ನಂಬಬೇಡಿ.

ಹಾಗಾದರೆ ದಿಕ್ಸೂಚಿ ಇದ್ದರೆ ಸಾಕಾ? ಸಾಲದು. ದಾರಿ ತಪ್ಪಿದ ಮೇಲೆ ಚೀಲದ ತಳದಿಂದ ತೆಗೆದರೆ ಅದು ಉತ್ತರ ಯಾವುದು ಅಂತ ಹೇಳುತ್ತದೆ, ಅಷ್ಟೇ. ನೀವು ಎಲ್ಲಿದ್ದೀರಿ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ಹೊರಟ ಜಾಗದಿಂದಲೇ ನೀವು ಜೊತೆಗೆ ಹೊತ್ತು ತರಬೇಕು. ಈ ಹಳ್ಳ ದಾಟಿದೆವು, ಈ ಏರು ಮುಗಿಯಿತು, ಗಂಟೆ ಇಷ್ಟಾಯಿತು ಅಂತ ನಕ್ಷೆಯ ಮೇಲೆ ಬೆರಳು ಸರಿಸುತ್ತಾ ಹೋಗಬೇಕು. ಗಂಟೆಯ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಚಾಲ್ತಿಯಲ್ಲಿದೆ. ಗಂಟೆಗೆ ಸುಮಾರು 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಜಾಸ್ತಿ. ನಮ್ಮ ಕಾಡಿನಲ್ಲಿ, ಉಂಬಳ ಕೀಳುತ್ತಾ ನಡೆಯುವಾಗ, ಇನ್ನೂ ಅರ್ಧದಷ್ಟು ಸೇರಿಸಿಕೊಳ್ಳಿ.

ನಕ್ಷೆ ಅಂದರೆ ಸರ್ವೆ ಆಫ್ ಇಂಡಿಯಾದ್ದು. 1767ರಲ್ಲಿ ಶುರುವಾದ ಇಲಾಖೆ ಅದು. 1:50,000 ಹಾಳೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಕಂದು ಗೆರೆಗಳು ಎತ್ತರದವು, ಸಾಮಾನ್ಯವಾಗಿ 20 ಮೀಟರಿಗೆ ಒಂದು. ಗೆರೆ ದೂರದೂರ ಇದ್ದರೆ ಆರಾಮದ ನಡಿಗೆ. ಒಂದಕ್ಕೊಂದು ಅಂಟಿಕೊಂಡಿದ್ದರೆ ಕಡಿದಾದ ಇಳಿಜಾರು.

ಈ ಗೆರೆ ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ಒಂದು ಮಾತಿದೆ: "ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿ, ಊರು ಸಿಗುತ್ತೆ." ಮೂಡಣ ಇಳಿಜಾರಿನಲ್ಲಿ ಎಷ್ಟೋ ಕಡೆ ಇದು ಸರಿಯೇ, ತೋಟ, ಗದ್ದೆ, ಮನೆ ಸಿಗುತ್ತವೆ. ಘಟ್ಟದ ಪಡುವಣ ಅಂಚಿನಲ್ಲಿ ಇದೇ ಮಾತು ಜೀವಕ್ಕೆ ಎರವಾಗಬಹುದು. ಕೊಡಚಾದ್ರಿಯ ನೆತ್ತಿ 1343 ಮೀಟರ್. ಪಡುವಣಕ್ಕೆ ಬುಡದ ಕೊಲ್ಲೂರು ಆಗಲೇ ಕರಾವಳಿಯ ಕಡೆಯದು. ಅಷ್ಟು ಇಳಿತವನ್ನು ನೀರು ಮೆಟ್ಟಿಲು ಮೆಟ್ಟಿಲಾಗಿ ಧುಮುಕಿಯೇ ದಾಟಬೇಕು. ನೀರಿಗೆ ಧುಮುಕುವುದು ಸುಲಭ, ನಮಗಲ್ಲ. ಜಾರುವ ಬಂಡೆಯಲ್ಲಿ ಸ್ವಲ್ಪ ಇಳಿದ ಮೇಲೆ ಕೆಳಗೆ ಅಬ್ಬಿ, ಮೇಲೆ ಹತ್ತಲು ಹಿಡಿತವಿಲ್ಲ. ನಕ್ಷೆಯಲ್ಲಿ ನೀಲಿ ಗೆರೆಯನ್ನು ಕಂದು ಗೆರೆಗಳು ಒತ್ತೊತ್ತಾಗಿ ಅಡ್ಡ ಹಾದಿದ್ದರೆ ಆ ಹಳ್ಳ ಹಿಡಿಯಲೇಬೇಡಿ. ಇದನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಈಗ ದಿಕ್ಕು ಹಿಡಿಯುವ ಕ್ರಮ. ನಿಂತ ಜಾಗದಿಂದ ಹೋಗಬೇಕಾದ ಜಾಗಕ್ಕೆ ದಿಕ್ಸೂಚಿಯ ಚಪ್ಪಟೆ ತಳದ ಉದ್ದ ಅಂಚನ್ನು ನಕ್ಷೆಯ ಮೇಲೆ ಜೋಡಿಸಿ, ಅದರ ಮೂತಿ ಹೋಗುವ ಕಡೆಗೆ ಇರಲಿ. ದುಂಡನೆ ಬಿಲ್ಲೆಯನ್ನು ತಿರುಗಿಸಿ, ಒಳಗಿನ ಬಾಣ ನಕ್ಷೆಯ ಉತ್ತರಕ್ಕೆ ಬರಲಿ. ನಕ್ಷೆ ಮಡಚಿಡಿ. ದಿಕ್ಸೂಚಿಯನ್ನು ಎದೆಯ ಮುಂದೆ ಮಟ್ಟಸವಾಗಿ ಹಿಡಿದು, ಕೆಂಪು ಮುಳ್ಳು ಆ ಬಾಣದೊಳಗೆ ಕೂರುವವರೆಗೆ ನೀವೇ ತಿರುಗಿ. ಮೂತಿ ತೋರಿಸುವ ಕಡೆ ಒಂದು ಮರ ಗುರುತು ಮಾಡಿ, ಅಲ್ಲಿಗೆ ನಡೆಯಿರಿ. ಮತ್ತೆ ನೋಡಿ, ಇನ್ನೊಂದು ಮರ. ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಕಡೆ ಒಂದೆರಡು ಡಿಗ್ರಿಯೊಳಗಿನ ವ್ಯತ್ಯಾಸ, ಸದ್ಯಕ್ಕೆ ಬಿಟ್ಟುಬಿಡಿ. ಆದರೆ ಕೈ ಅಲುಗಿ 5 ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರಿಗೆ 87 ಮೀಟರ್ ಆಚೀಚೆ ಆಗುತ್ತೀರಿ.

ಅದಕ್ಕೇ ಒಂದು ಉಪಾಯ ಇದೆ, ನನಗೆ ಬಹಳ ಇಷ್ಟವಾದದ್ದು. ಹಳ್ಳದ ಮೇಲಿನ ಕಾಲುಸಂಕಕ್ಕೆ ಹೋಗಬೇಕು ಅಂತಿಟ್ಟುಕೊಳ್ಳಿ. ಸಂಕಕ್ಕೇ ಗುರಿಯಿಟ್ಟು ಹೋಗಿ ಹಳ್ಳ ಸಿಕ್ಕಿತು, ಸಂಕ ಕಾಣಲಿಲ್ಲ. ಎಡಕ್ಕೆ ಹೋಗಬೇಕೋ, ಬಲಕ್ಕೋ? ಬೇಕೆಂದೇ ಸಂಕದ ಎಡಕ್ಕೆ ಗುರಿಯಿಡಿ. ಹಳ್ಳ ಸಿಕ್ಕ ಕೂಡಲೇ ಬಲಕ್ಕೆ ತಿರುಗಿ, ಯೋಚನೆಯೇ ಬೇಡ.

ಕಬ್ಬಿಣದ ವಿಷಯ ಒಂದು ಹೇಳಲೇಬೇಕು. ಒಮ್ಮೆ ನವೆಂಬರಿನಲ್ಲಿ ಹೊಸನಗರದ ಕಡೆಯ ಒಂದು ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಮಂಜು ಮುಚ್ಚಿಕೊಂಡಿತು. ಜೊತೆಗೆ ಬಂದಿದ್ದ ಆ ಊರಿನ ಅಣ್ಣನಿಗೆ ತೋರಿಸಲು ದಿಕ್ಸೂಚಿಯನ್ನು ಅವರ ಪಕ್ಕಕ್ಕೆ ಹಿಡಿದೆ. ಮುಳ್ಳು ಮೆಲ್ಲಗೆ ಹೊರಳಿ ಅವರ ಸೊಂಟದ ಕಡೆಗೇ ನಿಂತಿತು. ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. "ಕತ್ತಿ ಉಂಟಲ್ಲ ಮಾರಾಯ್ರೆ" ಅಂದರು ಅವರೇ. ಮೂರು ಹೆಜ್ಜೆ ಆಚೆ ಹೋದೆ, ಮುಳ್ಳು ತನ್ನ ಜಾಗಕ್ಕೆ ಬಂತು. ಕೊಡಚಾದ್ರಿಯ ಗುಡಿಯ ಮುಂದೆ ಕಬ್ಬಿಣದ ಕಂಬವೇ ಇದೆ, ಅದಕ್ಕೆ ಒರಗಿ ದಿಕ್ಕು ನೋಡಬೇಡಿ. ಯುರೋಪಿಗೆಂದು ಮಾಡಿದ ದಿಕ್ಸೂಚಿಯೂ ಇಲ್ಲಿ ತೊಂದರೆ ಕೊಡುತ್ತದೆ. ಭೂಮಿಯ ಕಾಂತರೇಖೆಗಳು ಅಲ್ಲಿಯಷ್ಟು ಇಲ್ಲಿ ನೆಲಕ್ಕೆ ಬಾಗಿಲ್ಲ, ಹಾಗಾಗಿ ಮುಳ್ಳಿನ ತೂಕ ತಪ್ಪಿ ತಳಕ್ಕೆ ತಾಗುತ್ತದೆ. ಕೊಳ್ಳುವಾಗ ಅಂಗೈ ಮೇಲಿಟ್ಟು ಸರಾಗ ತಿರುಗುತ್ತದಾ ನೋಡಿ.

ಮೊಬೈಲು ಬೇಡ ಅನ್ನುತ್ತಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ. ಬ್ಯಾಟರಿ ಇರುವವರೆಗೆ, ಮಳೆಗೆ ನೆನೆಯುವವರೆಗೆ.

ನಕ್ಷೆಗಳು ಆ ಮೇಜಿನ ಮೇಲಿವೆ, ಇಬ್ಬರಿಗೆ ಒಂದು. ಅಂಗಳಕ್ಕೆ ಹೋಗಿ ಮೊದಲು ನಕ್ಷೆಯನ್ನು ನೆಲಕ್ಕೆ ಹೊಂದಿಸೋಣ. ಮೊಬೈಲು, ಬೀಗದ ಕೈ ಗೊಂಚಲು ಇಲ್ಲೇ ಇಟ್ಟು ಬನ್ನಿ.