ಜೋಳದ ಹೊಲ, ಸೋದರ ಸಂಬಂಧ

ಕೇಳುಗರಿಗೆ ನಮಸ್ಕಾರ. ದಾವಣಗೆರೆ ಸೀಮೆಯ ಮೆಕ್ಕೆಜೋಳದ ಹೊಲ ನೋಡಿದ್ದೀರಲ್ಲ, ಬೆಳೆ ಆಳು ಮೀರಿ ನಿಂತಿರುತ್ತದೆ. ಅದರ ಅಪ್ಪ-ಅಮ್ಮನನ್ನು ನೋಡಿದರೆ ಅಯ್ಯೋ ಅನಿಸುತ್ತದೆ: ಎದೆಮಟ್ಟದ ಬಡಕಲು ಗಿಡ, ಮೋಟು ತೆನೆ.

ಆ ಬಡಕಲುತನ ಬೇಕೆಂದೇ ತಂದದ್ದು. ಎಳೆ ತೆನೆಯ ಕೂದಲು ಹೊರಬರುವ ಮೊದಲೇ ಕಾಗದದ ಚೀಲ ತೊಡಿಸಿ, ಆಮೇಲೆ ಅದೇ ಗಿಡದ ಸೂಲಂಗಿಯ ಪುಡಿಯನ್ನು ಅದಕ್ಕೇ ಉದುರಿಸುತ್ತಾರೆ. ಆರೇಳು ತಲೆಮಾರು ಹೀಗೇ. ಜೀವಿಯ ಗುಣ ತೀರ್ಮಾನಿಸುವ ಒಂದೊಂದು ಜೀನಿಗೂ ಎರಡೆರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಹೇಗೋ ಸಂಭಾಳಿಸುತ್ತದೆ. ಒಳಗೊಳಗೇ ಬೆರೆಸುತ್ತಾ ಹೋದರೆ ಎರಡೂ ಒಂದೇ ಆಗಿ, ಅಡಗಿದ್ದ ಕೇಡು ಬಯಲಿಗೆ ಬೀಳುತ್ತದೆ. ಬಿಳಿಚಿದ ಸಸಿ, ಕಾಳು ಕಟ್ಟದ ತೆನೆ. ತಳಿಗಾರ ಅವನ್ನು ಕಿತ್ತು ಬದುವಿಗೆ ಎಸೆಯುತ್ತಾನೆ. ಉಳಿದದ್ದು ಸೊರಗಿದ್ದರೂ ನಂಬಿಕಸ್ಥ ತಳಿ, ಎಷ್ಟು ಸಲ ಬಿತ್ತಿದರೂ ಅದೇ ಗುಣ. ಅಂಥ ಎರಡು ಬೇರೆ ಬೇರೆ ತಳಿ ಕೂಡಿಸಿದರೆ ಹೈಬ್ರಿಡ್, ಹೊಲದಲ್ಲಿ ಆಳು ಮೀರಿ ನಿಲ್ಲುವುದು ಅದೇ. ಅಮೆರಿಕದ ಸಸ್ಯವಿಜ್ಞಾನಿ ಜಾರ್ಜ್ ಶಲ್ 1908ರಲ್ಲೇ ಇದನ್ನು ವಿವರಿಸಿದ್ದ.

ಒಳಗೊಳಗೇ ಬೆರೆತೂ ಉಳಿದ ಪ್ರಾಣಿಗಳೂ ಉಂಟು: ಇಂಗ್ಲೆಂಡಿನ ಚಿಲ್ಲಿಂಗ್‌ಹ್ಯಾಮ್‌ನಲ್ಲಿ ಬಿಳಿ ದನಗಳ ಮಂದೆಯೊಂದಿದೆ. ಸುಮಾರು 300 ವರ್ಷದಿಂದ ಹೊರಗಿನ ಹೋರಿ ಕಂಡಿಲ್ಲ. 1947ರ ಹಿಮದಲ್ಲಿ 13 ಉಳಿದವು, ಮತ್ತೆ ಮಂದೆಯಾಯಿತು. ಕೇಡಿನ ಜೀನುಗಳು ಹಿಂದೆಯೇ ಕರುಗಳ ಜೊತೆ ಸತ್ತುಹೋಗಿರಬೇಕು ಎನ್ನುತ್ತಾರೆ.

"ನಾವೂ ತಲೆತಲಾಂತರದಿಂದ ಅಕ್ಕನ ಮಗಳನ್ನು ತಂದುಕೊಂಡವರೇ, ಏನಾಗಿದೆ?" ಎಂಬ ವಾದ ಮದುವೆಮನೆಯಲ್ಲಿ ಕೇಳಿಬರುವುದುಂಟು. ಗೊತ್ತಿರುವ ಮನೆ, ಹೆಣ್ಣಿಗೆ ಆಸರೆ, ಹೊಲ ಹೋಳಾಗದು. ಈ ಲಾಭಗಳನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಇವು ಜಮೀನಿನ ಲೆಕ್ಕ. ಜೀನಿನ ಲೆಕ್ಕ ಕೇಳಿ: ಸೋದರಮಾವನಿಗೆ ಕೊಟ್ಟರೆ, ಮಗುವಿನ ಯಾವುದೇ ಜೀನಿನ ಎರಡೂ ಪ್ರತಿ ಒಬ್ಬ ಹಿರಿಯರ ಒಂದೇ ಪ್ರತಿಯ ನಕಲಾಗಿರುವ ಸಾಧ್ಯತೆ 8ರಲ್ಲಿ 1; ಅತ್ತೆ-ಮಾವನ ಮಕ್ಕಳಾದರೆ 16ರಲ್ಲಿ 1. ಹುಟ್ಟುದೋಷ ಸಾಮಾನ್ಯವಾಗಿ ನೂರಕ್ಕೆ ಎರಡು-ಮೂರು ಮಕ್ಕಳಲ್ಲಿ. ಸೋದರ ಸಂಬಂಧದಲ್ಲಿ ಹೆಚ್ಚುಕಡಿಮೆ ಅದರ ದುಪ್ಪಟ್ಟು. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ನಿಜ. ಆದರೆ ತಳಿಗಾರನಿಗೆ ಬದುವಿಗೆಸೆಯುವ ಸಸಿಯಾದದ್ದು, ಇಲ್ಲಿ ತೊಟ್ಟಿಲಲ್ಲಿ ಮಲಗಿರುವ ಕೂಸು, ಕರೆದರೆ ತಿರುಗಿ ನೋಡದ ಕೂಸು.

ಮದುವೆ ಆಗಿಹೋಗಿದ್ದರೆ ಗಾಬರಿ ಬೇಡ. ಬಸಿರಿಗೆ ಮೊದಲೇ ವೈದ್ಯರಿಗೆ ಸಂಬಂಧವನ್ನು ಮುಚ್ಚಿಡದೆ ಹೇಳಿ. ಹುಟ್ಟಿದ ಮಗುವಿಗೆ ಕಿವಿಯ ಪರೀಕ್ಷೆ ಮಾಡಿಸಿ. ಇನ್ನು ಮೂರು ತಲೆಮಾರು ಒಳಗೊಳಗೇ ಕೊಟ್ಟು-ತಂದ ಮನೆಗಾದರೂ, ರಕ್ತಸಂಬಂಧವಿಲ್ಲದ ಕಡೆಯಿಂದ ಸೊಸೆ ಬಂದರೆ ಮೊಮ್ಮಗುವಿನ ಪಾಲಿಗೆ ಆ 8ರಲ್ಲಿ 1 ಸೊನ್ನೆಗೆ ಇಳಿಯುತ್ತದೆ, ಒಂದೇ ತಲೆಮಾರಿನಲ್ಲಿ. ಬಡಕಲು ಜೋಳ ಆಳೆತ್ತರ ಏಳುವುದೂ ಹಾಗೆಯೇ. ನಮಸ್ಕಾರ.