ನದಿಯ ಮೇಲೆ ಕಾಲುವೆ, ಕಾಲುವೆಯಲ್ಲಿ ದೋಣಿ: ವೇಲ್ಸ್‌ನ ಲಂಗೊಥ್ಲೆನ್

[ದೃಶ್ಯ: ಮೇಲಿನಿಂದ ತೆಗೆದ ಶಾಟ್. ಉದ್ದನೆಯ ಕಲ್ಲಿನ ಕಂಬಗಳ ಮೇಲೆ ಒಂದು ದೋಣಿ ನಿಧಾನವಾಗಿ ಸಾಗುತ್ತಿದೆ.]

ನಮಸ್ಕಾರ. ಈ ದೋಣಿಯ ಒಂದು ಪಕ್ಕ ನೋಡಿ. ಅಲ್ಲಿ ಕಂಬಿಯೂ ಇಲ್ಲ, ಗೋಡೆಯೂ ಇಲ್ಲ. ನೀರಿಗಿಂತ ಒಂದು ಗೇಣೂ ಎತ್ತರವಿಲ್ಲದ ಕಬ್ಬಿಣದ ಅಂಚು. ಅದರಾಚೆ 38 ಮೀಟರ್ ಆಳ. ಕೆಳಗೆ ಹರಿಯುತ್ತಿರುವುದು ಡೀ ನದಿ. ವೇಲ್ಸ್‌ನವರು ಅದನ್ನು ದವರ್ದ್ವಿ ಅನ್ನುತ್ತಾರೆ.

ಇಂಗ್ಲೆಂಡಿನ ಗಡಿಗೆ ಹತ್ತಿರ, ಈಶಾನ್ಯ ವೇಲ್ಸ್‌ನಲ್ಲಿದ್ದೇವೆ. ಊರಿನ ಹೆಸರು ಲಂಗೊಥ್ಲೆನ್. ಹೆಸರಲ್ಲಿ ಕನ್ನಡದಲ್ಲಿ ಇಲ್ಲದ ಒಂದು ಸದ್ದಿದೆ. ನಾಲಿಗೆಯನ್ನು ಲ ಹೇಳುವ ಜಾಗದಲ್ಲಿಟ್ಟು ಗಾಳಿ ಊದಿ, ಸುಮಾರಾಗಿ ಬರುತ್ತದೆ. ಜನಸಂಖ್ಯೆ ಮೂರೂವರೆ ಸಾವಿರದ ಆಸುಪಾಸು. ಇಷ್ಟು ಸಣ್ಣ ಊರಿಗೆ ಯುನೆಸ್ಕೋ ಪಟ್ಟಿಯ ಕಾಲುವೆ, ಹಾಳುಬಿದ್ದ ಕೋಟೆ, ಮಠ, ಹಬೆ ರೈಲು, ಪ್ರಪಂಚದ ಗಾಯಕರೆಲ್ಲ ಬಂದು ಸೇರುವ ಸಂಗೀತೋತ್ಸವ! ಇಷ್ಟೆಲ್ಲ ಇಲ್ಲೇ ಯಾಕೆ ಬಂತು? ಅರ್ಧ ಉತ್ತರ ರಸ್ತೆಯಲ್ಲಿದೆ. ಇನ್ನರ್ಧ, ಪೂರ್ತಿಯಾಗದೆ ನಿಂತುಹೋದ ಒಂದು ಯೋಜನೆಯಲ್ಲಿದೆ.

[ದೃಶ್ಯ: ಊರಿನ ಹಳೆಯ ಕಲ್ಲು ಸೇತುವೆ. ಕೆಳಗೆ ಬಂಡೆಗಳ ನಡುವೆ ನೊರೆ ನೀರು.]

ಮೊದಲು ಊರಿನ ನಡುವೆ ನಿಲ್ಲೋಣ. ಈ ಜಾಗದಲ್ಲಿ ಸೇತುವೆ ಕಟ್ಟಿಸಿದ ಕೀರ್ತಿಯನ್ನು 14ನೇ ಶತಮಾನದ ಜಾನ್ ಟ್ರೆವರ್ ಎಂಬ ಬಿಷಪ್‌ಗೆ ಕೊಡುತ್ತಾರೆ. ಈಗ ಕಾಣುವ ಕಮಾನುಗಳು ಅದಕ್ಕಿಂತ ಈಚಿನವು. ರೈಲು ಬಂದಾಗ ಅದಕ್ಕಾಗಿ ಇನ್ನೊಂದು ಕಮಾನು ಸೇರಿಸಿದರು. ಗಾಡಿಗಳು ಜಾಸ್ತಿಯಾದ ಮೇಲೆ ಅಗಲ ಮಾಡಿದರು. ವೇಲ್ಸ್‌ನ ಏಳು ಅದ್ಭುತಗಳು ಅಂತ ಒಂದು ಹಳೆಯ ಪದ್ಯವಿದೆ, ಅದರಲ್ಲಿ ಈ ಸೇತುವೆಗೂ ಜಾಗ ಸಿಕ್ಕಿದೆ. ನಿಜ ಹೇಳಬೇಕೆಂದರೆ, ಪಕ್ಕದಲ್ಲಿರುವ ಬೇರೆ ಸಂಗತಿಗಳನ್ನು ನೋಡಿದ ಮೇಲೆ ಸೇತುವೆ ಸ್ವಲ್ಪ ಸಪ್ಪೆ ಅನ್ನಿಸುತ್ತದೆ. ಆದರೆ ಇಲ್ಲಿ ನಿಂತರೆ ಊರು ಪೂರ್ತಿ ಅರ್ಥವಾಗುತ್ತದೆ. ಕೆಳಗೆ ನದಿ. ನದಿಗೆ ಅಂಟಿಕೊಂಡೇ ರೈಲು ನಿಲ್ದಾಣ. ಅದರ ಮೇಲೆ ಗುಡ್ಡದ ಬದಿಯಲ್ಲಿ ಕಾಲುವೆ. ಈ ಕಡೆ ಲಂಡನ್ನಿನಿಂದ, ಐರ್ಲೆಂಡಿಗೆ ಹಡಗು ಹೊರಡುವ ಹೋಲಿಹೆಡ್ ಬಂದರಿಗೆ ಹೋಗುವ ರಸ್ತೆ. ಕಣಿವೆ ಕಿರಿದು, ದಾಟಬೇಕಾದವರೆಲ್ಲ ಇಲ್ಲಿಂದಲೇ ದಾಟಬೇಕು.

[ದೃಶ್ಯ: ಬೋಳು ಗುಡ್ಡದ ನೆತ್ತಿಯಲ್ಲಿ ಕೋಟೆಯ ಮುರುಕು ಗೋಡೆಗಳು.]

ದಾರಿ ಕಾಯುವವರು ಗುಡ್ಡ ಹತ್ತಿ ಕೂರುವುದು ಸಹಜ, ಅಲ್ವಾ? ಊರಿನ ನೆತ್ತಿಯ ಮೇಲೆ ದಿನಾಸ್ ಬ್ರಾನ್ ಇದೆ. ಎತ್ತರ ಸುಮಾರು 320 ಮೀಟರ್. ಕಬ್ಬಿಣಯುಗದ ಜನ ಇಲ್ಲಿ ಮಣ್ಣಿನ ಕೋಟೆ ಕಟ್ಟಿಕೊಂಡಿದ್ದರು. ಆ ದಿಬ್ಬ, ಕಂದಕಗಳ ಗುರುತು ಈಗಲೂ ಕಾಣುತ್ತದೆ. ಅದೇ ಜಾಗದಲ್ಲಿ 1260ರ ದಶಕದಲ್ಲಿ ಉತ್ತರ ಪೊವಿಸ್ ನಾಡಿನ ವೇಲ್ಸ್ ದೊರೆಗಳು ಕಲ್ಲಿನ ಕೋಟೆ ಎಬ್ಬಿಸಿದರು. ಅದರ ಆಯಸ್ಸು ಎಷ್ಟು ಗೊತ್ತಾ? ಇಪ್ಪತ್ತು ವರ್ಷವೂ ಇಲ್ಲ. 1277ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್‌ನ ಸೈನ್ಯ ಬರುತ್ತಿದೆ ಅಂತ ಗೊತ್ತಾದಾಗ ಒಳಗಿದ್ದವರೇ ಕೋಟೆಗೆ ಬೆಂಕಿ ಇಟ್ಟರು. ಶತ್ರುವಿನ ಕೈಗೆ ಸಿಗದಿರಲಿ ಅಂತ. ಆಮೇಲೆ ಅದನ್ನು ಯಾರೂ ಸರಿಯಾಗಿ ಬಳಸಲಿಲ್ಲ. ಏಳೂವರೆ ಶತಮಾನದಿಂದ ಗಾಳಿ ಮಳೆ ತಿಂದುಕೊಂಡೇ ನಿಂತಿದೆ.

ಊರಿನಿಂದ ಉತ್ತರಕ್ಕೆ ಒಂದೆರಡು ಕಿಲೋಮೀಟರ್ ಹೋದರೆ ವ್ಯಾಲೆ ಕ್ರೂಸಿಸ್ ಮಠ. ಇದೇ ರಾಜಮನೆತನದ ಮಾದೊಗ್ ಎಂಬ ದೊರೆ 1201ರಲ್ಲಿ ಸಿಸ್ಟರ್ಶಿಯನ್ ಸನ್ಯಾಸಿಗಳಿಗಾಗಿ ಕಟ್ಟಿಸಿದ್ದು. ಊರಿನ ಗದ್ದಲ ಬೇಡ ಅನ್ನುವ ಪಂಥ ಅದು. ಆದರೆ ಕವಿಗಳು ಬಂದರೆ ಬಾಗಿಲು ತೆರೆದೇ ಇತ್ತು. ಗುಟೋರ್ ಗ್ಲಿನ್ ಎಂಬ ದೊಡ್ಡ ವೇಲ್ಸ್ ಕವಿ 15ನೇ ಶತಮಾನದ ಕೊನೆಗೆ, ಕಣ್ಣು ಮಂಜಾದ ವಯಸ್ಸಿನಲ್ಲಿ, ಇಲ್ಲೇ ಆಶ್ರಯ ಪಡೆದಿದ್ದ. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ, 1537ರಲ್ಲಿ, ಇದೂ ಮುಚ್ಚಿತು. ಚರ್ಚಿನ ಪಶ್ಚಿಮದ ಗೋಡೆ ಮತ್ತು ಅದರ ಗುಲಾಬಿ ಕಿಟಕಿ ಇನ್ನೂ ನಿಂತಿವೆ. ಪಕ್ಕದಲ್ಲೇ ಸನ್ಯಾಸಿಗಳು ಮೀನು ಸಾಕುತ್ತಿದ್ದ ಕೊಳ.

[ದೃಶ್ಯ: ಹೊಲದ ನಡುವೆ ಸಣ್ಣ ದಿಬ್ಬ, ಅದರ ಮೇಲೆ ಮುರಿದ ಕಲ್ಲುಕಂಬ.]

ಮಠದ ಹತ್ತಿರವೇ ಇನ್ನೊಂದು ವಸ್ತು ಇದೆ. ಕಾರಿನಲ್ಲಿ ಹೋಗುವವರು ಗಮನಿಸದೆ ದಾಟಿಬಿಡುತ್ತಾರೆ. ಎಲಿಸೆಗ್ ಕಂಬ. ನಮ್ಮಲ್ಲಿ ಶಾಸನ ನೆಟ್ಟು ವಂಶಾವಳಿ ಬರೆಸುತ್ತಿದ್ದರಲ್ಲ, ಇದು ಅದೇ ಜಾತಿಯದು. 9ನೇ ಶತಮಾನದಲ್ಲಿ ಪೊವಿಸ್ ರಾಜ ಕಂಗೆನ್, ತನ್ನ ಮುತ್ತಜ್ಜ ಇಂಗ್ಲಿಷರಿಂದ ನಾಡು ಬಿಡಿಸಿಕೊಂಡ ಸಾಹಸವನ್ನು ಲ್ಯಾಟಿನ್‌ನಲ್ಲಿ ಕೆತ್ತಿಸಿದ. 17ನೇ ಶತಮಾನದ ಅಂತರ್ಯುದ್ಧದಲ್ಲಿ ಕಂಬವನ್ನು ಉರುಳಿಸಿದರು. ಈಗ ಅಕ್ಷರಗಳು ಸವೆದು ಒಂದೂ ಓದಲು ಬರುವುದಿಲ್ಲ. ಮತ್ತೆ ಬರೆದದ್ದೇನು ಅಂತ ಹೇಗೆ ಗೊತ್ತು? 1696ರಲ್ಲಿ ಎಡ್ವರ್ಡ್ ಲ್ಹುಯ್ಡ್ ಎಂಬ ವಿದ್ವಾಂಸ, ಅಕ್ಷರಗಳು ಇನ್ನೂ ಅಷ್ಟಿಷ್ಟು ಉಳಿದಿದ್ದಾಗ, ಕೂತು ನಕಲು ಮಾಡಿಕೊಂಡಿದ್ದ. ಆ ಒಂದು ಕಾಗದ ಇಲ್ಲದಿದ್ದರೆ ಇದು ಸುಮ್ನೆ ಒಂದು ಕಲ್ಲು.

[ದೃಶ್ಯ: ಕಪ್ಪು ಬಿಳಿ ಮರದ ಪಟ್ಟಿಗಳ ಮನೆ, ಬಾಗಿಲ ತುಂಬ ಕೆತ್ತನೆ.]

ಈಗ ರಸ್ತೆಯ ಕಥೆ. ಐರ್ಲೆಂಡಿನಿಂದ ಹಡಗಿನಲ್ಲಿ ಬಂದು ಲಂಡನ್ನಿಗೆ ಹೋಗುವವರಿಗೆ ಈ ಕಣಿವೆ ದಾರಿಯಲ್ಲೇ ಸಿಗುತ್ತಿತ್ತು. 1778ರಲ್ಲಿ ಐರ್ಲೆಂಡಿನ ಇಬ್ಬರು ಹೆಂಗಸರು ಮನೆ ಬಿಟ್ಟು ಓಡಿ ಬಂದರು. ಎಲೀನರ್ ಬಟ್ಲರ್ ಮತ್ತು ಸಾರಾ ಪಾನ್ಸನ್‌ಬಿ. ಎಲೀನರ್‌ಗೆ 39, ಸಾರಾಗೆ 23. ಒಬ್ಬರನ್ನು ಕಾನ್ವೆಂಟಿಗೆ ಸೇರಿಸಲು ಮನೆಯವರು ನೋಡುತ್ತಿದ್ದರು. ಇನ್ನೊಬ್ಬರ ಮೇಲೆ, ಆಶ್ರಯ ಕೊಟ್ಟ ಮನೆಯ ಯಜಮಾನನೇ ಕೆಟ್ಟ ಕಣ್ಣು ಹಾಕಿದ್ದ. ಇಬ್ಬರೂ 1780ರಲ್ಲಿ ಇಲ್ಲಿ ಒಂದು ಸಣ್ಣ ಮನೆ ಹಿಡಿದು, ಪ್ಲಾಸ್ ನೆವಿದ್ ಅಂತ ಹೆಸರಿಟ್ಟು, ಸುಮಾರು ಐವತ್ತು ವರ್ಷ ಒಟ್ಟಿಗೆ ಬಾಳಿದರು.

ಅವರ ಸಂಬಂಧ ಏನು ಅಂತ ಆಗಲೂ ಜನ ಮಾತಾಡಿಕೊಂಡರು. 1790ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಚುಚ್ಚಿ ಬರೆಯಿತು. ಸಿಟ್ಟಾದ ಇವರು ಮೊಕದ್ದಮೆ ಹೂಡಬೇಕೇ ಅಂತ ಎಡ್ಮಂಡ್ ಬರ್ಕ್ ಅವರನ್ನು ಕೇಳಿದರು. ವಾರನ್ ಹೇಸ್ಟಿಂಗ್ಸ್ ಮೇಲೆ ಮಹಾಭಿಯೋಗ ನಡೆಸಿದರಲ್ಲ, ಅದೇ ಬರ್ಕ್. ಬೇಡ, ಸುಮ್ಮನಿದ್ದುಬಿಡಿ ಅಂದರು ಅವರು. ಸುಮ್ಮನಿದ್ದದ್ದೇ ಒಳ್ಳೆಯದಾಯಿತು. ದಾರಿಯಲ್ಲಿ ಹೋಗುವ ದೊಡ್ಡವರೆಲ್ಲ ಈ ಮನೆಗೆ ಬರತೊಡಗಿದರು. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಬಂದರು. ವೆಲಿಂಗ್ಟನ್ ಡ್ಯೂಕ್ ಬಂದರು. ಶ್ರೀರಂಗಪಟ್ಟಣದ 1799ರ ಯುದ್ಧದಲ್ಲಿ ಟಿಪ್ಪು ವಿರುದ್ಧ ಹೋರಾಡಿದ ಆರ್ಥರ್ ವೆಲ್ಲೆಸ್ಲಿಯೇ ಈ ಡ್ಯೂಕ್. ವರ್ಡ್ಸ್‌ವರ್ತ್ ಬಂದವರು ಕವಿತೆ ಬರೆದು ಮನೆಯನ್ನು ತಗ್ಗು ಮಾಡಿನ ಗುಡಿಸಲು ಅಂದುಬಿಟ್ಟರು. ಇಬ್ಬರಿಗೂ ಕೋಪ ಬಂತು. ಬರದೆ ಇರುತ್ತದಾ? ಬರುವ ಅತಿಥಿಗಳು ಹಳೆಯ ಕೆತ್ತನೆಯ ಮರ ತಂದುಕೊಡುವುದು ವಾಡಿಕೆಯಾಯಿತು. ಅದನ್ನೆಲ್ಲ ಗೋಡೆ, ಬಾಗಿಲು, ಮೆಟ್ಟಿಲಿಗೆ ಹೊಡೆಸಿದರು. ಮನೆ ಈಗ ಮ್ಯೂಸಿಯಂ. ಒಳಗೆ ಹೋದರೆ ಮರದ ಮೇಲೆ ಮರ. ನನಗಂತೂ ಸ್ವಲ್ಪ ಉಸಿರು ಕಟ್ಟುತ್ತದೆ. ಐರ್ಲೆಂಡಿನಿಂದ ಬಂದು ಅವರ ಜೊತೆ ಉಳಿದ ಕೆಲಸದಾಕೆ ಮೇರಿ ಕ್ಯಾರಿಲ್ ಹೆಸರನ್ನು ಮರೆಯಬಾರದು. ಊರಿನ ಸಂತ ಕೊಥ್ಲೆನ್ ಚರ್ಚಿನ ಅಂಗಳದಲ್ಲಿ ಮೂರು ಮುಖದ ಒಂದೇ ಸಮಾಧಿಯಿದೆ. ಮೂರು ಮುಖಕ್ಕೆ ಮೂವರ ಹೆಸರು, ಕೆಲಸದಾಕೆಯದೂ ಸೇರಿ.

[ದೃಶ್ಯ: ಅರ್ಧಚಂದ್ರಾಕಾರದ ಒಡ್ಡಿನ ಮೇಲಿಂದ ತೆಳುವಾಗಿ ಜಾರುವ ನೀರು.]

ಈಗ ಬಂತು ನೋಡಿ ನನ್ನ ಮೆಚ್ಚಿನ ಭಾಗ. ನೀರು.

1790ರ ದಶಕದಲ್ಲಿ ಎಲ್ಸ್‌ಮಿಯರ್ ಕಾಲುವೆ ಕಂಪನಿ ಒಂದು ದೊಡ್ಡ ಕನಸು ಕಂಡಿತು. ಮರ್ಸಿ, ಡೀ, ಸೆವರ್ನ್, ಮೂರೂ ನದಿಗಳನ್ನು ಕಾಲುವೆಯಿಂದ ಜೋಡಿಸುವುದು. ಕಲ್ಲಿದ್ದಲು, ಕಬ್ಬಿಣ, ಸುಣ್ಣ, ಎಲ್ಲ ದೋಣಿಯಲ್ಲೇ ಸಾಗಿಸುವುದು. ಅಡ್ಡ ಬಂದದ್ದು ಡೀ ಕಣಿವೆ. ಇಳಿದು ಹತ್ತಬೇಕಾದರೆ ಸಾಲು ಸಾಲು ಲಾಕ್ ಬೇಕು. ಲಾಕ್ ಅಂದರೆ ಬಾಗಿಲು ಹಾಕಿ ನೀರು ತುಂಬಿಸಿ ದೋಣಿಯನ್ನು ಮೆಟ್ಟಿಲು ಹತ್ತಿಸುವ ಏರ್ಪಾಟು. ಸಮಯವೂ ಹೆಚ್ಚು, ನೀರೂ ಪೋಲು. ಅದಕ್ಕೆ ಎಂಜಿನಿಯರ್‌ಗಳಾದ ವಿಲಿಯಂ ಜೆಸ್ಸಪ್ ಮತ್ತು ಥಾಮಸ್ ಟೆಲ್ಫೋರ್ಡ್, ಕಣಿವೆಯ ಮೇಲೇ ಕಾಲುವೆ ಹಾಯಿಸೋಣ ಅಂದರು. ಮಲೆನಾಡಿನಲ್ಲಿ ಅಡಿಕೆ ಮರದ ದಂಬೆ ಹಾಕಿ, ಕವೆಗಳ ಮೇಲೆ ಕೂರಿಸಿ, ಗುಡ್ಡದ ನೀರನ್ನು ಅಂಗಳಕ್ಕೆ ತರುತ್ತಾರಲ್ಲ, ಉಪಾಯ ಅದೇ. ಗಾತ್ರ ಮಾತ್ರ ಬೇರೆ.

[ದೃಶ್ಯ: ಪಾಂಟ್‌ಕಸಲ್ಟೆ ಮೇಲ್ಗಾಲುವೆ, ನದಿಯ ದಡದಿಂದ.]

ಇದೇ ಪಾಂಟ್‌ಕಸಲ್ಟೆ ಮೇಲ್ಗಾಲುವೆ. 1795ರಲ್ಲಿ ಶುರು, 1805ರ ನವೆಂಬರ್‌ನಲ್ಲಿ ಉದ್ಘಾಟನೆ. ಉದ್ದ 307 ಮೀಟರ್, 18 ಕಂಬಗಳು. ಆಗಿನ ಖರ್ಚು ಸುಮಾರು 47 ಸಾವಿರ ಪೌಂಡ್. ಆಗ ರೂಢಿಯಲ್ಲಿದ್ದದ್ದು ಕಲ್ಲಿನ ಮೇಲ್ಗಾಲುವೆ. ಕಲ್ಲಿನ ತಳ, ಅದರೊಳಗೆ ನೀರು ಸೋರದಂತೆ ದಪ್ಪ ಜೇಡಿಮಣ್ಣಿನ ಪದರ. ಇಷ್ಟು ಎತ್ತರದಲ್ಲಿ ಆ ಭಾರ ಹೊರಲು ಕಂಬಗಳು ಬೆಟ್ಟದಷ್ಟು ದಪ್ಪ ಬೇಕಾಗುತ್ತಿದ್ದವು. ಹಾಗಾಗಿ ಎರಕದ ಕಬ್ಬಿಣದ ತೊಟ್ಟಿ ಮಾಡಿದರು. ಅಗಲ ಮೂರೂವರೆ ಮೀಟರ್ ಚಿಲ್ಲರೆ, ಆಳ ಒಂದೂವರೆ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಕಂಬಗಳ ಮೇಲಿನ ಭಾಗವನ್ನು ಟೊಳ್ಳು ಬಿಟ್ಟರು, ಭಾರ ಇನ್ನಷ್ಟು ಇಳಿಯಿತು. ಕಬ್ಬಿಣದ ಹಲಗೆಗಳ ಸಂದಿಗೆ ಸಕ್ಕರೆ ಪಾಕದಲ್ಲಿ ಕುದಿಸಿದ ವೇಲ್ಸ್‌ನ ಉಣ್ಣೆ ಬಟ್ಟೆ ತುರುಕಿ, ಮೇಲೆ ಸೀಸ ಹಚ್ಚಿದರಂತೆ. ಗಾರೆಗೆ ಎತ್ತಿನ ರಕ್ತ ಕಲೆಸಿದರು ಅನ್ನುವ ಮಾತೂ ಇದೆ.

ಕುದುರೆ ದೋಣಿ ಎಳೆಯುತ್ತಾ ನಡೆಯುವ ದಾರಿಯನ್ನು ತೊಟ್ಟಿಯ ಒಳಗೇ, ನೀರಿನ ಮೇಲೆ ಚಾಚಿದ ಹಾಗೆ ಕೂರಿಸಿದ್ದಾರೆ. ಇದು ಜಾಣತನ. ದೋಣಿ ಮುಂದೆ ಹೋದಾಗ ಪಕ್ಕಕ್ಕೆ ಸರಿದ ನೀರಿಗೆ ಆ ದಾರಿಯ ಕೆಳಗೆ ಹೋಗಲು ಜಾಗ ಸಿಗುತ್ತದೆ. ದಾರಿಯ ಬದಿಗೆ ಕಂಬಿ ಇದೆ. ಇನ್ನೊಂದು ಬದಿಗೆ ಏನೂ ಇಲ್ಲ, ಆರಂಭದಲ್ಲಿ ತೋರಿಸಿದೆನಲ್ಲ.

ಇಷ್ಟೆಲ್ಲ ಮಾಡಿ ಕಾಲುವೆ ಹೋಗಿ ತಲುಪಿದ್ದೆಲ್ಲಿಗೆ? ಆಚೆ ದಡದ ಟ್ರೆವರ್ ಎಂಬ ಹಳ್ಳಿಗೆ. ಅಷ್ಟೇ. ಅಲ್ಲಿಂದ ಉತ್ತರಕ್ಕೆ ಚೆಸ್ಟರ್ ಕಡೆಗೆ ಹೋಗಬೇಕಿದ್ದ ಮುಖ್ಯ ಕಾಲುವೆಯನ್ನು ಕಟ್ಟಲೇ ಇಲ್ಲ. ದುಡ್ಡು ಸಾಲಲಿಲ್ಲ, ಅಷ್ಟು ಲಾಭವೂ ಕಾಣಲಿಲ್ಲ. ತಾಪತ್ರಯ ಏನೆಂದರೆ, ನೀರು ಬರಬೇಕಿದ್ದದ್ದೂ ಅದೇ ಉತ್ತರದಿಂದ. ಕಾಲುವೆ ಇದೆ, ನೀರಿಲ್ಲ! ಆಗ ಟೆಲ್ಫೋರ್ಡ್ ಲಂಗೊಥ್ಲೆನ್ನಿನಿಂದ ಮೂರು ಕಿಲೋಮೀಟರ್ ಮೇಲೆ ಡೀ ನದಿಗೆ ಒಂದು ಬಾಗಿದ ಅಣೆ ಕಟ್ಟಿದ. 1808ರಲ್ಲಿ ಮುಗಿಯಿತು. ಅದೇ ಈ ಹಾರ್ಸ್‌ಶೂ ಫಾಲ್ಸ್. ಹೆಸರು ಕೇಳಿ ಜಲಪಾತ ಅಂದುಕೊಂಡು ಬಂದವರಿಗೆ ನಿರಾಸೆಯಾಗುತ್ತದೆ, ಎತ್ತರ ಆಳುದ್ದವೂ ಇಲ್ಲ. ಅಲ್ಲಿ ತಿರುಗಿದ ನೀರು ಕಿರಿದಾದ ಕಾಲುವೆಯಲ್ಲಿ ಊರನ್ನು ದಾಟಿ ಟ್ರೆವರ್‌ಗೆ ಬಂದು ಸೇರುತ್ತದೆ. ಅಂದರೆ ಲಂಗೊಥ್ಲೆನ್‌ಗೆ ಕಾಲುವೆ ಬಂದದ್ದೇ ನೀರು ತರುವ ನೆಪದಲ್ಲಿ.

[ದೃಶ್ಯ: ಹಳೆಯ ಫೋಟೋಗಳು. ಖಾಲಿ ಕಾಲುವೆ, ಮುರಿದ ರೈಲು ಹಳಿ.]

ಆಮೇಲೆ ರೈಲು ಬಂತು, ದೋಣಿಗೆ ಸರಕು ಕಡಿಮೆಯಾಯಿತು. 1944ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ದೋಣಿ ಸಂಚಾರವನ್ನೇ ಕೈಬಿಡಲು ಒಪ್ಪಿಗೆ ಕೊಟ್ಟಿತು. 1945ರ ಸೆಪ್ಟೆಂಬರ್‌ನಲ್ಲಿ ಸನ್ ಬ್ಯಾಂಕ್ ಎಂಬಲ್ಲಿ ದಂಡೆ ಒಡೆಯಿತು. ನೀರು ಕೆಳಗಿನ ರೈಲು ಹಳಿಯ ಮಣ್ಣನ್ನೇ ಕೊಚ್ಚಿಕೊಂಡು ಹೋಯಿತು. ಅದು ಗೊತ್ತಿಲ್ಲದೆ ಬಂದ ಟಪಾಲು, ಸರಕಿನ ರೈಲು ಬಿದ್ದು ಒಬ್ಬರು ಸತ್ತರು. ಬೇರೆ ಯಾವ ಕಾಲುವೆಯಾದರೂ ಅಲ್ಲಿಗೆ ಮುಗಿಯುತ್ತಿತ್ತು. ಇದು ಉಳಿಯಿತು. ಯಾಕೆಂದರೆ ಇದರಲ್ಲಿ ಹರಿಯುವ ಡೀ ನದಿಯ ನೀರು ಕಾರ್ಖಾನೆಗಳಿಗೆ ಬೇಕಿತ್ತು, ಆಮೇಲೆ ಇಂಗ್ಲೆಂಡಿನ ಚೆಶೈರ್ ಕಡೆಯ ಜನರಿಗೆ ಕುಡಿಯಲೂ ಬೇಕಾಯಿತು. 1955ರಲ್ಲಿ ನೀರು ಮಂಡಳಿಯ ಜೊತೆ ಒಪ್ಪಂದವಾಯಿತು. ಇವತ್ತಿಗೂ ಈ ನೀರು ಹರ್ಲ್‌ಸ್ಟನ್ ಜಲಾಶಯಕ್ಕೆ ಹೋಗುತ್ತದೆ. ಕಾಲುವೆಗಳಲ್ಲಿ ನೀರು ಸಾಮಾನ್ಯವಾಗಿ ನಿಂತೇ ಇರುತ್ತದೆ. ಇಲ್ಲಿ ಎಲೆಯೊಂದನ್ನು ಹಾಕಿ ನೋಡಿ, ಸಾಗುತ್ತದೆ. 2009ರಲ್ಲಿ ಹಾರ್ಸ್‌ಶೂ ಫಾಲ್ಸ್‌ನಿಂದ ಹಿಡಿದು ಚರ್ಕ್ ಊರಿನ ಆಚೆಯವರೆಗೆ, 18 ಕಿಲೋಮೀಟರ್ ಕಾಲುವೆಯನ್ನು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ರೈಲಿನ ಹಣೆಬರಹವೂ ಸುಮಾರು ಹೀಗೇ. 1860ರ ದಶಕದಲ್ಲಿ ಬಂತು, 1965ರಲ್ಲಿ ಪ್ರಯಾಣಿಕರ ರೈಲು ನಿಂತಿತು, ಹಳಿ ಕಿತ್ತರು. 1975ರಿಂದ ಸ್ವಯಂಸೇವಕರು ಮತ್ತೆ ಹಳಿ ಹಾಕುತ್ತಾ ಹೋದರು. ಈಗ 16 ಕಿಲೋಮೀಟರ್ ದೂರದ ಕಾರ್ವೆನ್‌ವರೆಗೆ ನದಿಯ ಪಕ್ಕದಲ್ಲೇ ಹಬೆ ಎಂಜಿನ್ ಓಡುತ್ತದೆ.

[ದೃಶ್ಯ: ಬಣ್ಣಬಣ್ಣದ ಉಡುಪಿನ ನೃತ್ಯ ತಂಡಗಳು ಬೀದಿಯಲ್ಲಿ.]

ಇನ್ನು ಸಂಗೀತ. ಐಸ್ಟೆದ್ವೊಡ್ ಅಂದರೆ ವೇಲ್ಸ್‌ನ ಹಾಡು, ಕಾವ್ಯದ ಸ್ಪರ್ಧೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಇಲ್ಲಿನವರು ಅದನ್ನು ಎಲ್ಲ ದೇಶಗಳಿಗೂ ತೆರೆದರು. ದೂರದಿಂದ ಬಂದ ಹಾಡುಗಾರರನ್ನು ಊರಿನ ಜನ ತಮ್ಮ ಮನೆಗಳಲ್ಲೇ ಇಳಿಸಿಕೊಂಡರು. 1949ರಲ್ಲಿ ಜರ್ಮನಿಯ ಲ್ಯೂಬೆಕ್‌ನಿಂದ ಗಾಯನ ತಂಡ ಬಂತು. ಯುದ್ಧ ಮುಗಿದು ನಾಲ್ಕೇ ವರ್ಷ. ಬಾಂಬು ಬಿದ್ದದ್ದು ಎಲ್ಲರಿಗೂ ನೆನಪಿತ್ತು. ಆದರೂ ಸಭೆ ಅವರನ್ನು ಚಪ್ಪಾಳೆ ತಟ್ಟಿ ಬರಮಾಡಿಕೊಂಡಿತು. 1955ರಲ್ಲಿ ಇಟಲಿಯ ಮೊಡೆನಾದಿಂದ ಬಂದ ತಂಡಕ್ಕೆ ಮೊದಲ ಬಹುಮಾನ ಬಂತು. ಆ ತಂಡದಲ್ಲಿ ಬ್ರೆಡ್ ಸುಡುವ ಕೆಲಸದ ಒಬ್ಬ ಅಪ್ಪ, ಜೊತೆಗೆ ಹತ್ತೊಂಬತ್ತರ ಮಗ. ಮಗನ ಹೆಸರು ಲುಚಿಯಾನೊ ಪವರಾಟಿ. 1995ರಲ್ಲಿ ಜಗತ್ಪ್ರಸಿದ್ಧ ಒಪೆರಾ ಗಾಯಕನಾಗಿ ಮತ್ತೆ ಇದೇ ಊರಿಗೆ ಬಂದು ಹಾಡಿದ.

[ದೃಶ್ಯ: ನಕ್ಷೆ.]

ಹೋಗುವುದು ಹೇಗೆ? ಲಿವರ್‌ಪೂಲ್, ಮ್ಯಾಂಚೆಸ್ಟರ್ ಕಡೆ ಇರುವ ಕನ್ನಡಿಗರಿಗೆ ಇದು ಒಂದು ದಿನದ ಪ್ರವಾಸ. ರೈಲಿನಲ್ಲಾದರೆ ರುವಾಬನ್ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಬೆಳಗ್ಗೆಯೇ ಕೋಟೆ ಹತ್ತಿಬಿಡಿ, ಏರು ಕಡಿದಾಗಿದೆ, ಮೇಲೆ ನೆರಳಿಲ್ಲ, ಗಾಳಿ ಜೋರು. ಮಧ್ಯಾಹ್ನ ಊರಿನ ಕಟ್ಟೆಯಿಂದ ಕುದುರೆ ಎಳೆಯುವ ದೋಣಿ ಸಿಗುತ್ತದೆ, 19ನೇ ಶತಮಾನದಿಂದ ನಡೆದುಕೊಂಡು ಬಂದಿದೆ. ಮಕ್ಕಳಿದ್ದರೆ ಅದು ಸಾಕು. ಆದರೆ ಅದು ಮೇಲ್ಗಾಲುವೆಯ ಮೇಲೆ ಹೋಗುವುದಿಲ್ಲ, ಅದಕ್ಕೆ ಬೇರೆ ದೋಣಿ ಹಿಡಿಯಬೇಕು, ಇಲ್ಲವೇ ಟ್ರೆವರ್‌ಗೆ ಹೋಗಬೇಕು. ಅಲ್ಲಿ ನಡೆದು ದಾಟಲು ದುಡ್ಡು ಕೊಡಬೇಕಾಗಿಲ್ಲ. ಎತ್ತರದ ಭಯ ಇರುವವರು ದೋಣಿಯ ಬದಲು ನಡಿಗೆಯನ್ನೇ ಆರಿಸಿಕೊಳ್ಳಿ, ಕಂಬಿ ಇರುವುದು ಆ ಬದಿಗೆ. ಜುಲೈನಲ್ಲಿ ಉತ್ಸವ ನಡೆಯುವ ವಾರ ಹೋಗುವವರು ಉಳಿಯುವ ಕೋಣೆಯನ್ನು ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ. ಕೊನೆ ಗಳಿಗೆಯಲ್ಲಿ ಇಷ್ಟು ಸಣ್ಣ ಊರಲ್ಲಿ ಜಾಗ ಸಿಗುವುದು ಕಷ್ಟ.