ಟಾರ್ಚಿನ ಸೆಲ್ಲನ್ನು ತೂಗಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ ತ್ರೀಫೇಸ್ ಕರೆಂಟು ಬಂತೆಂದು ನಿದ್ದೆಗಣ್ಣಿನಲ್ಲಿ ಎದ್ದು, ಕೈಯಲ್ಲೊಂದು ಟಾರ್ಚ್ ಹಿಡಿದು, ಬದುವಿನ ಮೇಲೆ ನಡೆದು ಪಂಪ್‌ಸೆಟ್ಟಿನ ಸ್ಟಾರ್ಟರ್ ಒತ್ತಲು ಹೋಗುವ ರೈತ ಬಾಂಧವರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಈ ಮಾತುಗಳನ್ನು ಆಡುತ್ತಿದ್ದೇನೆ. ಆ ಬದುವಿನ ಮೇಲೆ ಹಾವು ಮಲಗಿದೆಯೋ, ವೈರು ಹರಿದು ಬಿದ್ದಿದೆಯೋ ಎಂಬುದು ಕಾಣಬೇಕಾದರೆ ಬೆಳಕು ಅರ್ಧ ದಾರಿಯಲ್ಲಿ ಕೈಕೊಡಬಾರದು. ನಮ್ಮ ಹಳ್ಳಿಗಳಲ್ಲಿ ಟಾರ್ಚನ್ನೇ ಬ್ಯಾಟರಿ ಎನ್ನುವ ರೂಢಿಯಿದೆ. ನಾನು ಹೇಳಹೊರಟಿರುವುದು ಅದರ ಹೊಟ್ಟೆಯಲ್ಲಿರುವ, ಚಾರ್ಜ್ ಮಾಡಿ ಬಳಸುವ ಸೆಲ್ಲಿನ ವಿಚಾರ.

ಈಗ ಸಂತೆಗಳಲ್ಲಿ ಸಿಗುವ ಅನೇಕ ಎಲ್‌ಇಡಿ ಟಾರ್ಚುಗಳಲ್ಲಿ 18650 ಎಂಬ ಲಿಥಿಯಂ ಅಯಾನ್ ಸೆಲ್ ಇರುತ್ತದೆ. ಹೆಸರಿನಲ್ಲೇ ಅಳತೆಯಿದೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಹೆಬ್ಬೆರಳಿನ ದಪ್ಪದ ಈ ಡಬ್ಬಿಯೊಳಗೆ ಜಗತ್ತಿನ ಅತ್ಯುತ್ತಮ ಕಾರ್ಖಾನೆಗಳು ತುಂಬಬಲ್ಲದ್ದು ಸುಮಾರು 3500 ಮಿಲಿಆಂಪಿಯರ್ ಅವರ್ ಮಾತ್ರ; ಸೆಲ್ಲಿನಲ್ಲಿ ಎಷ್ಟು ಚಾರ್ಜ್ ಹಿಡಿಸುತ್ತದೆ ಎಂಬುದರ ಅಳತೆ ಇದು. ಆದುದರಿಂದ ಸೆಲ್ಲಿನ ಹೊದಿಕೆಯ ಮೇಲೆ 9900 ಎಂದು ಅಚ್ಚಾಗಿದ್ದರೆ ಅದು ಸುಳ್ಳು. ಒಂದು ಸೇರಿನಲ್ಲಿ ಮೂರು ಸೇರು ರಾಗಿ ಹಿಡಿಸುವುದಿಲ್ಲ. ಅಲ್ಲಿರುವ ಸಂಖ್ಯೆಯನ್ನು ಓದಬೇಡಿ, ಸೆಲ್ಲನ್ನು ತೂಗಿ ನೋಡಿ. ತಾಮ್ರದ ಹಾಳೆ, ಅಲ್ಯೂಮಿನಿಯಂ ಹಾಳೆ, ಅವುಗಳಿಗೆ ಬಳಿದ ಲೇಪ, ನಡುವೆ ತೆಳುವಾದ ಪರದೆ, ಇವೆಲ್ಲವನ್ನೂ ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ ತುಂಬಿದ ಸಾಚಾ ಸೆಲ್ 42ರಿಂದ 50 ಗ್ರಾಂ ತೂಗುತ್ತದೆ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಮೂರು ವರ್ಷದ ಹಿಂದೆ ನಮ್ಮ ಅಕ್ಕನ ಮಗ ಜಾತ್ರೆಯಲ್ಲಿ ನೂರೈವತ್ತು ರೂಪಾಯಿಗೆ ಇಂಥ ಎರಡು ಸೆಲ್ಲುಗಳನ್ನು ಕೊಂಡುತಂದ. ಕೆಂಪು ಹೊದಿಕೆ, ಅದರ ಮೇಲೆ ಬಂಗಾರದ ಬಣ್ಣದಲ್ಲಿ 9900. "ಮಾವ, ಒಂದು ಸಲ ಚಾರ್ಜ್ ಮಾಡಿದರೆ ವಾರ ಬರುತ್ತದಂತೆ" ಎಂದು ಹೆಮ್ಮೆಯಿಂದ ನನ್ನ ಕೈಗಿತ್ತ. ಕೈಗೆ ಬಂದೊಡನೆಯೇ ಅದು ಹಗುರ ಎನಿಸಿತು. ಆ ರಾತ್ರಿ ನಲವತ್ತು ನಿಮಿಷಕ್ಕೆ ಬೆಳಕು ಹಳದಿಗೆ ತಿರುಗಿ ಮಂಕಾಯಿತು. ಮರುದಿನ ಅವನನ್ನು ಕರೆದುಕೊಂಡು ತಾಲ್ಲೂಕು ಪೇಟೆಯ ಪರಿಚಿತ ಅಕ್ಕಸಾಲಿಯ ಬಳಿ ಹೋದೆ. ಕೆಟ್ಟ ಲ್ಯಾಪ್‌ಟಾಪಿನಿಂದ ತೆಗೆದಿಟ್ಟಿದ್ದ ಎಂಟು ವರ್ಷ ಹಳೆಯ ಸೆಲ್ಲೊಂದನ್ನೂ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮೇಲೆ ಹಳೆಯದನ್ನು ಇಟ್ಟಾಗ 45 ಗ್ರಾಂ ತೋರಿಸಿತು, ಜಾತ್ರೆಯ ಹೊಸ ಸೆಲ್ 24 ಗ್ರಾಮಿಗೇ ನಿಂತಿತು. ಅಕ್ಕಸಾಲಿ ಅದನ್ನು ಬೆರಳ ತುದಿಯಲ್ಲಿ ಎತ್ತಿ, "ಮೇಷ್ಟ್ರೇ, ಒಳಗೆ ಅರಗು ತುಂಬಿದ ಬಳೆಯಂತಿದೆ ಇದು" ಎಂದರು. ಅವರ ಮಾತು ನಿಜವಾಯಿತು. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಅಳೆದಾಗ ಅದರಲ್ಲಿದ್ದದ್ದು 740 ಮಿಲಿಆಂಪಿಯರ್ ಅವರ್. ಪೂರ್ತಿ ಬರಿದು ಮಾಡಿ, ಕನ್ನಡಕ, ಕೈಗವಸು ಹಾಕಿಕೊಂಡು ಕೊಯ್ದು ನೋಡಿದರೆ, ತಗಡಿನ ಕೊಳವೆಯೊಳಗೆ ಕಿರುಬೆರಳಿನಷ್ಟು ಸಣ್ಣ ಸೆಲ್, ಅದರ ಸುತ್ತ ಮೈದಾ ಹಿಟ್ಟಿನಂಥ ಬಿಳಿ ಪುಡಿ. ಆ ಹುಡುಗನ ಮುಖ ನೋಡಲಾಗಲಿಲ್ಲ. ದುಡ್ಡು ಹೋದದ್ದು ಇರಲಿ, ಇದನ್ನೇ ನಂಬಿ ಅವನು ಕತ್ತಲಲ್ಲಿ ಬಾವಿಯ ಕಡೆಗೆ ಹೋಗುತ್ತಿದ್ದನಲ್ಲ ಎಂದು ಅಂದು ಬಂದ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ನೀವು ಮಾತ್ರ ಯಾವ ಸೆಲ್ಲನ್ನೂ ಮನೆಯಲ್ಲಿ ಕೊಯ್ಯಬಾರದು, ಅದು ಹೊತ್ತಿಕೊಳ್ಳುತ್ತದೆ. ತೂಗಿ ನೋಡಿದರೆ ಸಾಕು, ಅದಕ್ಕೆ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೂ ಆಗುತ್ತದೆ. ಅಂಗಡಿಯವರು ತೂಗಲು ಒಪ್ಪದಿದ್ದರೆ ಅಲ್ಲಿ ಕೊಳ್ಳಬೇಡಿ.

ಇನ್ನುಳಿದ ಸ್ವಲ್ಪ ಸಮಯದಲ್ಲಿ ಬೇರೆ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಸೆಲ್ಲಿನ ಮೇಲೆ ಐಎಸ್ 16046 ಎಂಬ ಭಾರತೀಯ ಮಾನಕದ ಸಂಖ್ಯೆಯೂ, ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಆದರೆ ಅದನ್ನೂ ಕಳ್ಳತನದಿಂದ ಅಚ್ಚು ಹಾಕಿಸುವವರಿದ್ದಾರೆ, ಆದ್ದರಿಂದ ಮೊದಲು ತೂಕ, ಆಮೇಲೆ ಮುದ್ರೆ. ಮನೆಯಲ್ಲಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ, ಪೂರ್ತಿ ಚಾರ್ಜಾದ ಸೆಲ್ 4.2 ವೋಲ್ಟ್ ತೋರಿಸುತ್ತದೆಯೇ ಎಂದು ನೋಡಿ, ವಾರದವರೆಗೆ ಬಳಸದೆ ಇಟ್ಟು ಮತ್ತೆ ಅಳೆಯಿರಿ. ಅಷ್ಟರಲ್ಲಿ 4.1ಕ್ಕಿಂತ ಕೆಳಗಿಳಿದಿದ್ದರೆ ಆ ಸೆಲ್ ಒಳಗೊಳಗೇ ಸೋರುತ್ತಿದೆಯೆಂದು ತಿಳಿದು ಹಿಂದಿರುಗಿಸಿ. ಚಾರ್ಜಿಗೆ ಹಾಕಿದಾಗ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುವ, ಹೊದಿಕೆ ಹರಿದ, ನೆಗ್ಗಿದ ಸೆಲ್ಲುಗಳನ್ನು ಮತ್ತೆ ಟಾರ್ಚಿಗೆ ಹಾಕಬೇಡಿ. ರಾತ್ರಿಯಿಡೀ ಹಾಸಿಗೆಯ ಪಕ್ಕದಲ್ಲಿ ಚಾರ್ಜಿಗಿಟ್ಟು ಮಲಗುವ ಅಭ್ಯಾಸವನ್ನು ಇಂದೇ ಬಿಡಿ. ಕೆಟ್ಟ ಸೆಲ್ಲನ್ನು ಒಲೆಗೂ ತಿಪ್ಪೆಗೂ ಎಸೆಯದೆ, ಹಳೆಯ ಬ್ಯಾಟರಿ ಸಂಗ್ರಹಿಸುವವರಿಗೆ ಕೊಡಿ; 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅವುಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.

ನಾಳೆ ಸಂತೆಗೆ ಹೋಗುವವರು ಮನೆಯಲ್ಲಿರುವ ಟಾರ್ಚಿನ ಸೆಲ್ಲನ್ನೂ ಜೊತೆಗೆ ಒಯ್ದು, ಬೆಲ್ಲ ತೂಗಿಸುವಾಗ ಅದನ್ನೂ ಒಮ್ಮೆ ತಕ್ಕಡಿಗೆ ಹಾಕಿಸಿ. ನಮಸ್ಕಾರ.